ಉಮಿ ಹೋದ ದಾರಿ

ಎಂಟನೇ ಕ್ಲಾಸು, ಭೂಗೋಳ.
ಬೋರ್ಡಿನ ಮೇಲೆ ಬರೆದೆ: ಸುಣ್ಣಕಲ್ಲಿನ ಪ್ರಸ್ಥಭೂಮಿ.
ನದಿ ನೆಲದೊಳಗೆ ನುಸುಳಿ ಕಾಣೆಯಾಗುತ್ತದೆ,
ಗುಹೆಯ ಮಾಡಿನಿಂದ ಕಲ್ಲು ತೊಟ್ಟಿಕ್ಕಿ ತೊಟ್ಟಿಕ್ಕಿ
ಎಷ್ಟೋ ಸಾವಿರ ವರ್ಷಕ್ಕೆ ಒಂದು ಗೇಣು ಇಳಿಯುತ್ತದೆ
ಎಂದು ಓದಿ ಹೇಳಿದೆ. ನಾನೂ ನೋಡಿದ್ದಲ್ಲ.

ಹಿಂದಿನ ಬೆಂಚಿನಿಂದ ಸುಜಯಳ ಕೈ:
"ನಮ್ಮಲ್ಲಿ ಉಂಟಾ ಟೀಚರ್, ಇಂಥದ್ದು?"

ಇಲ್ಲ ಅಂದೆ. ನಮ್ಮದು ಮುರಕಲ್ಲು,
ತುಕ್ಕು ಹಿಡಿದ ನೆಲ. ಅದಕ್ಕೆ ಗುಹೆಯೂ ಇಲ್ಲ, ಪಾಠವೂ ಇಲ್ಲ.
ನಮ್ಮ ಸುಣ್ಣವೆಲ್ಲ ಹೊಳೆಯ ಚಿಪ್ಪು ಸುಟ್ಟದ್ದು.
ನನ್ನ ಬೆರಳಿನ ಈ ತುಂಡು ಕೂಡ
ಹೆಸರಲ್ಲೇ ಪರವೂರಿನದು: ಸೀಮೆಸುಣ್ಣ.

"ಅಜ್ಜನನ್ನು ಕೇಳ್ತೇನೆ" ಅಂದಳು,
ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂದವಳ ಹಾಗೆ.

ಶನಿವಾರ ಮಧ್ಯಾಹ್ನ ಗೇಟಿನ ಬಳಿ ಅಂಗಾರಣ್ಣ.
ನಲವತ್ತು ವರ್ಷ ಸುರಂಗ ಕೊರೆದ ಬೆನ್ನು
ಬಯಲಲ್ಲಿ ನಿಂತರೂ ಇನ್ನೂ ಒಳಗಿದ್ದಂತೆ ಬಾಗಿ.
"ಮುಳಿಪದವಿಗೆ ಹೋಗುವ. ಮಕ್ಕಳೂ ಬರಲಿ.
ಚಪ್ಪಲಿ ಬಿಡಿ ಟೀಚರೆ,
ಕಾಲಿಗೆ ಗೊತ್ತಾಗಬೇಕು."

ಆಟಿ ಕಳೆದು ಸೋಣ ಹಿಡಿದಿತ್ತು.
ಶಿರ್ವದ ಬಸ್ಸಿನಿಂದ ದಿನವೂ ಬೋಳು ಎಂದು ಕಂಡ ನೆಲ
ಬಗ್ಗಿ ನೋಡಿದರೆ ನೀಲಿ.
ಉಗುರಿನಷ್ಟು ನೀರು, ಉಗುರಿಗಿಂತ ಸಣ್ಣ ಹೂ,
ಬುಡದಲ್ಲಿ ಚೀಲ ಕಟ್ಟಿಕೊಂಡು ಹುಳ ಹಿಡಿಯುವ ಜಾತಿ.
ಗೊಬ್ಬರವಿಲ್ಲದ ಕಲ್ಲಿನ ಮೇಲೆ
ಹೂವೂ ಬೇಟೆಗೆ ಇಳಿಯಬೇಕು.
ಟಿಟ್ಟಿಭ ಒಂದು ತಲೆಯ ಮೇಲೆ ಸುತ್ತುತ್ತ
ನಮ್ಮ ಕುಲಗೋತ್ರವನ್ನೆಲ್ಲ ಬೈದಿತು.
ಕುಳಿಯಲ್ಲಿ ಗೊದಮೊಟ್ಟೆ ಎಣಿಸಲು ಕೂತ ಶಿಹಾಬ್
ಎಪ್ಪತ್ತಮೂರಕ್ಕೆ ಜಗಳ ತೆಗೆದ:
"ಅಲುಗಾಡ್ತವೆ ಟೀಚರ್, ಪುನಾ ಒಂದರಿಂದ."

ಪದವಿನ ನಡುವೆ ಒಂದು ಬಾಯಿ.
ಕೊಡಪಾನ ಇಳಿಯುವಷ್ಟು, ಅಷ್ಟೇ.
ಪಕ್ಕದಲ್ಲಿ ನೆಟ್ಟ ಕಲ್ಲು, ಕಲ್ಲಿಗೆ ಬಾಡಿದ ಕೇಪುಳ.
ಯಾವ ಕಲ್ಲು ಇದು? ಕೇಳಿದೆ.
"ಪದವಿನದ್ದೇ" ಅಂದರು,
ಇನ್ನೊಂದು ಪ್ರಶ್ನೆಗೆ ಜಾಗ ಇಡದೆ.

"ಕೆಳಗೆ ಬೈಲಿನ ಬದಿಯಿಂದ ಐವತ್ತೆರಡು ಕೋಲು ಕೊರೆದೆ.
ಬೆವರು ಬಿಟ್ಟರೆ ಬೇರೆ ಹನಿಯಿಲ್ಲ.
ಅಮ್ಮ ಹೇಳಿದಳು,
ನೀರು ಹುಡುಕಬೇಡ ಮಗ, ಅದು ನಡೆಯುವ ದಾರಿ ಹುಡುಕು.
ಒಂದು ಗೋಣಿ ಉಮಿ ತಂದು ಈ ಬಾಯಿಗೆ ಸುರಿದೆ.
ಮೂರನೇ ದಿನ ಸೇಸಿಯ ಗದ್ದೆ ಹುಣಿಯಲ್ಲಿ ತೇಲಿತು.
ಆಮೇಲೆ ಸುರಂಗ ಎಡಕ್ಕೆ ತಿರುಗಿಸಿದ್ದು."

ಹನ್ನೊಂದು ಮಕ್ಕಳು ಮಕಾಡೆ ಮಲಗಿ
ಕಲ್ಲಿಗೆ ಕಿವಿ ಕೊಟ್ಟರು. ನಾನೂ,
ಸೀರೆ ಕೆಂಪಾಗುತ್ತದೆ ಎಂದು ಒಂದು ಕ್ಷಣ ಲೆಕ್ಕ ಹಾಕಿ, ಮಲಗಿದೆ.
ಒಳಗೆ ಯಾರೋ ಅಕ್ಕಿ ತೊಳೆಯುತ್ತಿದ್ದ ಹಾಗೆ.
ಅದರ ಹಿಂದೆಯೇ ಇನ್ನೊಂದು ಸದ್ದು,
ಹಲ್ಲಿನ ಬೇರಿಗೆ ತಾಗುವಂಥದ್ದು:
ಮೂಡುಬದಿಯ ಕೋರೆಯಲ್ಲಿ ಕಲ್ಲು ಕೊಯ್ಯುವ ಮಿಷನು.

ಅಲ್ಲಿ ಪದವು ಮೆಟ್ಟಿಲಾಗಿದೆ,
ಆಮೇಲೆ ಗುಂಡಿ, ಹಸಿರು ನೀರು.
ಏನು ಹೇಳಲಿ? ನಮ್ಮ ಶಾಲೆಯ ಗೋಡೆ ಅಲ್ಲಿಯದ್ದು,
ನನ್ನ ಮನೆಯದ್ದೂ.
ಮುಂದಿನ ತುಂಡಿಗೆ ಗುರುತು ಹಾಕಿ ಆಗಿದೆ,
ಬಂಡೆಯ ಮೇಲೆ ಸುಣ್ಣದ ಗೆರೆ.
ಬಾಯಿಯಿಂದ ಒಂಬತ್ತು ಹೆಜ್ಜೆ ಎಂದು ಸುಜಯ ಅಳೆದಳು.
ಅವಳ ಹೆಜ್ಜೆ, ಸಣ್ಣದು.

ಅಂಗಾರಣ್ಣ ಗೆರೆಯ ಕಡೆ ನೋಡಲಿಲ್ಲ.
ಡಬ್ಬಿ ತೆಗೆದು ವೀಳ್ಯದೆಲೆಗೆ ಸುಣ್ಣ ಸವರಿ
ಉಳಿದದ್ದನ್ನು ನೆಟ್ಟ ಕಲ್ಲಿಗೆ ಒರೆಸಿದರು.
ನಂತರ ಸೊಂಟದಿಂದ ಒಂದು ಪ್ಲಾಸ್ಟಿಕ್ ಚೀಲ:
ಉಮಿ.
ಮಕ್ಕಳು ಮುಷ್ಟಿ ಮುಷ್ಟಿಯಾಗಿ ಸುರಿದರು.

ಮಂಗಳವಾರ ಮೂರು ದಿನ ಆಯಿತು. ಏನೂ ಬರಲಿಲ್ಲ.
ಬುಧವಾರ ಸಮಾಜ ಪರಿವೀಕ್ಷಕರು ಬಂದು
ಪಾಠ ಹಿಂದೆ ಬಿದ್ದಿದೆ ಎಂದು ಬರೆದು ಹೋದರು.
ಗುರುವಾರ ಎರಡನೇ ಪೀರಿಯಡ್ಡಿಗೆ
ಮೊಣಕಾಲವರೆಗೆ ಕೆಸರಾಗಿ ಸುಜಯ ಬಾಗಿಲಲ್ಲಿ ನಿಂತು
ಮುಷ್ಟಿ ಬಿಚ್ಚಿದಳು.
ನೆನೆದ ಉಮಿ, ಏಳೋ ಎಂಟೋ,
ನಡುವೆ ಕೆಂಪು ಹುಡಿ.

"ಬಂತು ಟೀಚರ್. ಎರಡು ದಿನ ತಡ."

ನನ್ನ ಕೈಯಲ್ಲಿ ಸೀಮೆಸುಣ್ಣ ಇತ್ತು.
"ಅಜ್ಜ ಎಲ್ಲಿ?" ಕೇಳಿದೆ.
"ಹುಣಿಯಲ್ಲೇ ಕೂತಿದ್ದಾರೆ.
ದಾರಿ ಯಾಕೆ ಉದ್ದ ಆಯ್ತು ಅಂತ
ನೀರಿನ ಹತ್ತಿರ ಕೇಳ್ತಾ ಇದ್ದಾರೆ."