ಗುರುತಿನ ಕೆಳಗಿನದು

ಬ್ರೂಸ್‌ಪೇಟೆಯ ಜೆರಾಕ್ಸ್ ಅಂಗಡಿಯ ಮೇಲೆ
ಹದಿನೇಳು ಮೆಟ್ಟಿಲು. ಎಣಿಸಿದ್ದೇನೆ.
ಜುಲೈ ಮುಗಿಯುತ್ತ ಬಂದಿದೆ. ಕಿಟಕಿಯಾಚೆ ಗುಡ್ಡ
ಹಗಲೆಲ್ಲ ಕುಡಿದ ಬಿಸಿಲನ್ನು ಈಗ ಕಕ್ಕುತ್ತಿದೆ.
ಪಂಪಾಪತಿ ಮಾಸ್ತರರ ಮೇಜಿನ ಮೇಲೆ ಚೀಲ ಬೋರಲು ಹಾಕಿದೆ:
ದಾರದ ಬಿಲ್ಲು, ಜಿಪ್ಪಿನ ಬಿಲ್ಲು,
ಸೂಜಿ ಪೊಟ್ಟಣದ ಬೆನ್ನಿಗೆ ಬರೆದ ಲೆಕ್ಕ,
ಎಲ್ಲದರ ಮೇಲೂ ನನ್ನ ಬೆರಳಿನ ನೀಲಿ,
ಜೀನ್ಸು ಬಿಟ್ಟ ಬಣ್ಣ.

ಮಗಳ ಶಾಲೆಯ ಫೀಜಿನ ರಸೀದಿಯನ್ನು ಮಾತ್ರ
ಎರಡು ಬೆರಳಲ್ಲಿ ಎತ್ತಿ ಈಚೆ ಸರಿಸಿದರು.
"ಇದು ಮನೀದು. ಮಷಿನ್ನಿಂದಲ್ಲ."
ಕರೆಂಟಿನ ಬಿಲ್ಲನ್ನು ಎರಡು ಪಾಲು ಮಾಡಿದರು,
ಒಂದು ಮೋಟಾರಿಗೆ, ಒಂದು ನಮ್ಮ ಮಿಕ್ಸರಿಗೆ, ಟೀವಿಗೆ.

ಬಂದದ್ದೆಲ್ಲ ಆದಾಯವಲ್ಲವಂತೆ.
ನಾನೂ ಅದನ್ನೇ ಹೇಳುತ್ತಿದ್ದೆ, ಯಾರು ಕೇಳಬೇಕು?
ಪ್ಯಾಂಟು ಒಂದಕ್ಕೆ ಇಪ್ಪತ್ತಾರು ರೂಪಾಯಿ ಹೊಲಿಗೆ,
ದಾರ ಕಳೆ, ಆಟೋ ಬಾಡಿಗೆ ಕಳೆ,
ಓವರ್‌ಲಾಕಿಗೆ ಕೂರುವ ಸುಂಕಮ್ಮನ ಕೂಲಿ ಕಳೆ.
"ಸುಂಕಮ್ಮ!" ಮಾಸ್ತರು ನಕ್ಕರು.
ದೇವಿ ಹೆಸರು ಸಾರ್, ಆಕಿ ಯಾರ ಹತ್ರನೂ
ಏನೂ ವಸೂಲಿ ಮಾಡಿದಾಕಿ ಅಲ್ಲ, ಎಂದೆ.

ಆಮೇಲೆ ಕೇಳಿದೆ: ನನ್ನ ಕೂಲಿ ಎಲ್ಲಿ ಬರೀಲಿ?
ಬೆಳಗಿನ ಐದಕ್ಕೆ ಪೆಡಲಿನ ಮೇಲೆ ಬೀಳುವ ಕಾಲಿಗೆ,
ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ರಾತ್ರಿಗೆ?
ಅವರು ಪೆನ್ನು ಕೆಳಗಿಟ್ಟರು.
"ಮಾಲಕಿ ನೀವು. ನಿಮಗ ನೀವ ಕೂಲಿ ಕೊಟ್ಟೆ ಅಂತ
ಬರಿಯಾಕ ಬರಂಗಿಲ್ಲ.
ಎಲ್ಲಾ ಕಳದು ಉಳದದ್ದೇ ನಿಮ್ದು."

ಎಲ್ಲ ಕಳೆದು ಉಳಿದದ್ದು.
ಬೇರೆಲ್ಲಾದರೂ ಈ ಮಾತು ಬಂದಿದ್ದರೆ
ಸೆರಗು ಹುಡುಕುತ್ತಿದ್ದೆ.
ಇಲ್ಲಿ ಅದಕ್ಕೊಂದು ಖಾನೆ ಇದೆ,
ಖಾನೆಗೊಂದು ನಂಬರು.

ತೆರಿಗೆಯ ಹಂತಗಳ ಪಾಠ ಬಂದಾಗ ಮೈ ಬಿಗಿಯಿತು.
ಎರಡು ವರ್ಷದಿಂದ ಆರನೇ ಮಷಿನ್ನು ತಂದಿಲ್ಲ ನಾನು.
ಗೆರೆ ದಾಟಿದರೆ ಇಡೀ ದುಡಿಮೆಗೇ ಕತ್ತರಿ ಬೀಳುತ್ತದೆ
ಎಂದಿದ್ದ ವಾಷಿಂಗ್ ಯೂನಿಟ್ಟಿನ ಜಿಲಾನಿ.
ಮಾಸ್ತರು ಎದ್ದು, ತಮ್ಮ ಪ್ಯಾಂಟಿನ ಅಂಚು ತೋರಿಸಿದರು.
"ಇದು ಉದ್ದ ಆಗೈತಿ ಅಂತ ತಂದ್ರ ಎಲ್ಲಿ ಕತ್ತರಸ್ತೀರಿ?"
ಗುರುತಿನ ಕೆಳಗೆ.
"ಸೊಂಟದಿಂದ ಯಾಕ ಕತ್ತರಸಂಗಿಲ್ಲ?"
ನಗು ಬಂತು. ಆಮೇಲೆ ನಾಚಿಕೆ.
ಆಮೇಲೆ, ಆರನೇ ಮಷಿನ್ನು ಹೊಲಿಯಬಹುದಾಗಿದ್ದ
ಎರಡು ವರ್ಷದ ಪ್ಯಾಂಟುಗಳು.

ಕೊನೆಗೆ ಪರದೆಯನ್ನು ನನ್ನ ಕಡೆ ತಿರುಗಿಸಿದರು.
ಜೀನ್ಸಿನ ಗಾದಿಲಿಂಗಪ್ಪನವರು ಪ್ರತಿ ಬಿಲ್ಲಿನಲ್ಲೂ
ನೂರಕ್ಕೊಂದು ಹಿಡಿಯುತ್ತಿದ್ದರು, "ಸರಕಾರಕ್ಕಮ್ಮ" ಎನ್ನುತ್ತ.
ಅವರ ಗಲ್ಲಾಪೆಟ್ಟಿಗೆಯ ಹೆಸರೇ ಸರಕಾರ ಎಂದುಕೊಂಡಿದ್ದೆ.
ಅಲ್ಲ. ಸಾಲಾಗಿ ಇದೆ: ಜೂನು, ಸೆಪ್ಟೆಂಬರು, ಡಿಸೆಂಬರು,
ತೆರಿಗೆಯ ಗೆರೆ ಮುಟ್ಟದ ನನಗೆ
ತಿರುಗಿ ಬರಬೇಕಾದ ದುಡ್ಡು.
ಮೇಲೆ ದಪ್ಪಕ್ಷರದಲ್ಲಿ ಹೊನ್ನೂರಬೀ.
ರೇಷನ್ ಅಂಗಡಿಯಲ್ಲಿ ಯಾರದೋ ಹೆಂಡತಿ,
ಶಾಲೆಯ ಗೇಟಿನಲ್ಲಿ ಯಾರದೋ ತಾಯಿ,
ಇಲ್ಲಿ ಬರೀ ಹೊನ್ನೂರಬೀ.

ಮಾರ್ಚಿನ ಸಾಲು ಇಲ್ಲ.
ಹಿಡಿದದ್ದು ಉಂಟು, ಕಟ್ಟಿದ್ದಿಲ್ಲ.
"ಹೋಗಿ ಕೇಳ್ರಿ," ಎಂದರು. "ಜಗಳ ಬ್ಯಾಡ.
ಹಾಳಿ ತೋರಸ್ರಿ, ಸುಮ್ನ ನಿಂದರ್ರಿ."

ಹದಿನೇಳು ಮೆಟ್ಟಿಲು ಇಳಿದೆ.
ಹಾಳೆಗೆ ಎರಡು ಪ್ರತಿ, ನಾಲ್ಕು ರೂಪಾಯಿ.
ಕೊಟ್ಟೆ. ಅಲ್ಲೇ ನಿಂತೆ.
ಜೆರಾಕ್ಸಿನ ಹುಡುಗ ತಲೆ ಎತ್ತಿದ, ಇನ್ನೇನು ಬೇಕಮ್ಮ?
ಚೀಟಿ ಕೊಡಪ್ಪ, ಎಂದೆ.
ಇದು ಮಷಿನ್ನಿಂದು.