ದವಡೆಹಲ್ಲು

ಕಿತ್ತ ಹಲ್ಲನ್ನು ಡಾಕ್ಟರು ಎಸೆಯಲಿಲ್ಲ.
ತೊಳೆದು, ಒರೆಸಿ, ಕಂದು ಲಕೋಟೆಗೆ ಹಾಕಿ
ಮೇಲೆ ಬರೆದರು: ಮಿಂಜಿಫಾ. ಹುಟ್ಟಿದ್ದು ನಲವತ್ತೇಳು.
ತೇಚಾ ನದಿಯ ದಂಡೆ, ಕೆಳಗಿನ ಕೇರಿ.
ಆಮೇಲೆ ಹೆಸರು ಹೊಡೆದು ಒಂದು ನಂಬರು.

ಚೆಲ್ಯಾಬಿನ್ಸ್ಕ್‌ಗೆ ಹೋಗುತ್ತದಂತೆ.
ಅಮ್ಮ ಹತ್ತಿ ಕಚ್ಚಿಕೊಂಡೇ ನಕ್ಕಳು:
ನನಗಿಂತ ಮೊದಲು ನನ್ನ ಹಲ್ಲು ರೈಲು ಹತ್ತಿತು!

ಅವಳಿಗೆ ಎರಡೋ ಮೂರೋ ವರ್ಷ ಆಗ.
ಮೇಲಿನ ಕಾರ್ಖಾನೆ ತನ್ನ ಎಂಜಲನ್ನು
ನದಿಗೆ ಚೆಲ್ಲುತ್ತಿತ್ತು, ಸದ್ದಿಲ್ಲದೆ.
ನೀರಿಗೆ ಬಣ್ಣ ಬರಲಿಲ್ಲ, ನಾತ ಬರಲಿಲ್ಲ.
ದನ ಕುಡಿದವು. ಬಾತುಗಳು ಮುಳುಗಿ ಎದ್ದವು.
ದೊಡ್ಡಮ್ಮ ಶಂಸಿಕಮರ್ ಮೊಣಕಾಲುದ್ದ ನಿಂತು
ಊರ ಕಂಬಳಿಯನ್ನೆಲ್ಲ ಒಗೆದಳು.
ಸಂಜೆ ಹಾಲು ಕರೆದು, ಕಾಸಿ,
ತಂಗಿಗೆ ಮೊದಲ ಲೋಟ.

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು
ನಾಲಗೆಗೆ ಕಲಿಸಬಹುದು,
ಮೂಳೆಗೆ ಕಲಿಸುವವರಾರು?
ಸ್ಟ್ರಾನ್ಷಿಯಂ ಬಂದು ಬಾಗಿಲು ತಟ್ಟಿದಾಗ
ಸುಣ್ಣದ ಕಡೆಯ ನೆಂಟನೆಂದುಕೊಂಡಿತು ಮೂಳೆ.
ಅದೇ ಮೈಕಟ್ಟು, ಅದೇ ನಡಿಗೆ.
ಒಳಗೆ ಕರೆದು, ಹಾಸಿ ಕೊಟ್ಟಿತು.

ಕೊಟ್ಟ ಹಾಸಿಗೆಯಲ್ಲೇ ಮಲಗಿ
ಆ ನೆಂಟ ಒಂದೊಂದೇ ಕಿಡಿ ಉಗುಳಿದ.
ಕಿಡಿಯೆಂದರೆ ಬಿಸಿಯೂ ಇಲ್ಲ, ನೋವೂ ಇಲ್ಲ,
ಮಜ್ಜೆಯೊಳಗೆ ರಕ್ತ ನೇಯುವಲ್ಲಿ
ಒಂದು ಎಳೆ ಪಟ್ಟನೆ ಕಡಿಯುತ್ತದೆ, ಅಷ್ಟೇ.
ಒಂದಾದರೆ ಜೀವಕೋಶ ಗಂಟು ಹಾಕಿಕೊಳ್ಳುತ್ತದೆ.
ಜೋಡಿ ಎಳೆ ಒಟ್ಟಿಗೇ ಕಡಿದರೆ
ತುದಿಗೆ ತುದಿ ಹುಡುಕುತ್ತಾ, ಕತ್ತಲಲ್ಲಿ,
ಯಾವುದಕ್ಕೋ ಯಾವುದನ್ನೋ ಕಟ್ಟಿ
ಆ ತಪ್ಪನ್ನೇ ನಕಲು ಮಾಡಿ, ನಕಲಿನ ನಕಲು ಮಾಡಿ

ದೊಡ್ಡಮ್ಮನಿಗೆ ಇಪ್ಪತ್ತು ತುಂಬಲಿಲ್ಲ.
ಒಸಡಿನಿಂದ ಸೋರಿದ ರಕ್ತ ದಿಂಬಿಗಂಟಿತ್ತು.
ಕಡತದಲ್ಲಿ ಬರೆದರು: ನಿಶ್ಶಕ್ತಿ.

ಆಮೇಲೆ ನದಿಗೆ ಪೊಲೀಸರು ಬಂದರು.
ಯಾಕೆಂದು ಕೇಳಿದರೆ, ನೀರು ಕೊಳೆ, ಅಂದರು.
ಕೊಳೆಯಾದರೆ ಸೋಸಿ ಕುಡಿಯುತ್ತೇವೆ ಅಂದಿತು ಊರು.
ಮುಳ್ಳುತಂತಿ ಬಿಗಿದರು;
ಬಾತುಗಳು ಅದರ ಕೆಳಗೆ ನುಸುಳಿದವು,
ಅವುಗಳ ಹಿಂದೆ ಮಕ್ಕಳು.

ಮೂಳೆ ತನ್ನನ್ನು ತಾನೇ ಕೆಡವಿ ಕಟ್ಟುತ್ತಿರುತ್ತದೆ,
ಹಳೆಯದನ್ನು ಮೆಲ್ಲಗೆ ಮರೆಯುತ್ತದೆ.
ಹಲ್ಲಿನ ಎನಾಮೆಲ್ ಹಾಗಲ್ಲ, ಡಾಕ್ಟರು ಹೇಳಿದರು,
ಒಮ್ಮೆ ಕಟ್ಟಿದರೆ ಮುಗಿಯಿತು.
ಎರಡು ವರ್ಷದ ಕೂಸು ಕುಡಿದ ಲೋಟ
ಎಪ್ಪತ್ತರ ಮುದುಕಿಯ ಬಾಯಲ್ಲಿ ಹಾಗೇ ಇತ್ತು.

ನನಗೇನೂ ಆಗಿಲ್ಲ.
ಆಗಿಲ್ಲವೆಂದು ಯಾವ ವಯಸ್ಸಿಗೆ ಹೇಳಬೇಕೋ
ಅದು ಮಾತ್ರ ಗೊತ್ತಿಲ್ಲ.

ಚಳಿಗಾಲದಲ್ಲಿ ಕಾಗದ ಬಂತು. ಒಂದು ಅಂಕಿ.
ಮಾದರಿಯನ್ನು ಪುಡಿ ಮಾಡಲಾಗಿದೆ, ಹಿಂತಿರುಗಿಸಲಾಗದು.
ಹೆಚ್ಚೋ ಕಡಿಮೆಯೋ? ಅಮ್ಮ ಕೇಳಿದಳು,
ಚಹಾಕ್ಕೆ ಹಾಲು ಬಗ್ಗಿಸುತ್ತಾ, ಕೈ ತಡೆಯದೆ.
ಯಾರಿಗಿಂತ ಎಂದು ನಾನು ಕೇಳಬೇಕಿತ್ತು.
ಕೇಳಲಿಲ್ಲ.

ಹಲ್ಲಿದ್ದ ಜಾಗವನ್ನು ನಾಲಗೆಯಿಂದ ಮುಟ್ಟಿ
ಇಲ್ಲಿ ಗಾಳಿ ಆಡುತ್ತೆ ಕಣೇ, ಅಂದಳು.
ತಣ್ಣಗಿದೆ.