ಕಂಟಿನ್ಯುಯಿಟಿ

ಮೂರು ತಿಂಗಳು ನನ್ನ ಕೆಲಸ ಇಷ್ಟೇ:
ಅತ್ತೆಯ ಎಡಗೈಗೆ ಬಳೆ ಆರು,
ಲೋಟದಲ್ಲಿ ಕಾಫಿ ಅರ್ಧಕ್ಕಿಂತ ಒಂದು ಗುಟುಕು ಕಮ್ಮಿ,
ಸೊಸೆಯ ಕಣ್ಣೀರು ಬಲಗೆನ್ನೆಯ ನಡುವಿನವರೆಗೆ.
ಬರೆದುಕೋ.

ಕೆಂಗೇರಿಯ ಬಾಡಿಗೆ ಬಂಗಲೆ.
ಬೆಳಿಗ್ಗೆ ಸೀಮಂತ,
ಊಟವಾದ ಮೇಲೆ ಅದೇ ಸೋಫಾ ಸರಿಸಿ ಹೆಣ.
ಸೇವಂತಿಗೆ ಅವೇ.

ಒಮ್ಮೆ ಬಳೆ ಐದಾಯಿತು.
ಬೈಸಿಕೊಂಡೆ, ತಟ್ಟೆಯ ಇಡ್ಲಿ ತಣ್ಣಗಾಗುವಷ್ಟು ಹೊತ್ತು.

ಲೈಟಿನ ಮುನಿಕೃಷ್ಣಣ್ಣನ ಹೆಬ್ಬೆರಳಲ್ಲಿ
ಮಂಗಳವಾರ ಸುಟ್ಟ ಬೊಬ್ಬೆ,
ಗುರುವಾರ ಕೊಳಕು ಪಟ್ಟಿ,
ಸೋಮವಾರ ಆ ಏಣಿಯ ಮೇಲೆ ಬೇರೆ ಹುಡುಗ.
ನನ್ನ ಶೀಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
ನಾನೂ ಗೆರೆ ಎಳೆಯಲಿಲ್ಲ.

ಸರ್ಟಿಫಿಕೇಟಿನಲ್ಲಿ ನನ್ನ ಹೆಸರು ಒಂದಕ್ಷರ ತಪ್ಪು.
ಇರಲಿ.
ಈಗ ಮೆಟ್ರೋದಲ್ಲಿ ಕಂಬಿ ಹಿಡಿದ ಯಾರ ಕೈ ಕಂಡರೂ
ಮೊದಲು ಬೆರಳು ನೋಡುತ್ತೇನೆ,
ಬಳೆ ಆಮೇಲೆ.